ಶಟ್ಟೆವ್ವನ ಎಡಗೈ

ಬೈಲಹೊಂಗಲದ ಜನ ನನಗೆ ಇಟ್ಟ ಹೆಸರು ಕರೆಂಟ್ ಡಾಕ್ಟರ್. ೧೯೯೭ರಲ್ಲಿ ಬಜಾರದ ಹಿಂದಿನ ಓಣಿಯಲ್ಲಿ, ಔಷಧ ಅಂಗಡಿಯೊಂದರ ಮಗ್ಗುಲಿಗೆ ಕೋಣೆ ಹಿಡಿದು, ಯಾರೋ ಬಳಸಿ ಬಿಟ್ಟ ಎರಡು ಯಂತ್ರ, ಒಂದು ಮಂಚ, ಆಳೆತ್ತರದ ಒಂದು ಕನ್ನಡಿ ಇಟ್ಟುಕೊಂಡು ಕುಳಿತೆ. ನಾನು ಡಾಕ್ಟರ್ ಅಲ್ಲ, ಫಿಜಿಯೋಥೆರಪಿಸ್ಟ್, ಹೆಸರು ಭಾರ್ಗವ ಎಂದು ಬಂದವರಿಗೆಲ್ಲ ಹೇಳಿದೆ. ಬಾಯಿ ನೋಯಿತೇ ಹೊರತು ಹೆಸರು ಬದಲಾಗಲಿಲ್ಲ. ಸೂಜಿ ಚುಚ್ಚದೆ, ಗುಳಿಗೆ ಬರೆಯದೆ, ಕೈ ಎತ್ತು ಕಾಲು ಎತ್ತು ಎನ್ನುವವನನ್ನು ನಂಬುವುದಾದರೂ ಹೇಗೆ? ಯಂತ್ರದ ತಂತಿ ಹಚ್ಚಿ ಚುರುಕ್ ಅನ್ನಿಸಿದರೆ ಮಾತ್ರ ಅದು ಉಪಚಾರ. ಆಗ ದಿನಕ್ಕೆ ಐದಾರು ತಾಸು ಕರೆಂಟು ಹೋಗುತ್ತಿತ್ತು. ಹೋದ ಹೊತ್ತಿನಲ್ಲಿ ಬಂದವರು ಬಾಗಿಲಿನಿಂದಲೇ ತಿರುಗಿ ಹೋಗುತ್ತಿದ್ದರು.

ಅದಕ್ಕೂ ಮೊದಲು ಲಕ್ವಾ ಹೊಡೆದವರಿಗೆ ಈ ಕಡೆ ಇದ್ದದ್ದು ಎರಡೇ ದಾರಿ. ದವಾಖಾನೆಯಿಂದ ಜೀವ ಉಳಿಸಿಕೊಂಡು ಬಂದು, ಪಡಸಾಲೆಯ ಮೂಲೆಯಲ್ಲಿ ಹಾಸಿಗೆ ಹಾಸಿಸಿಕೊಂಡು, ಬೆನ್ನು ಹುಣ್ಣಾಗುವವರೆಗೆ ಮಲಗುವುದು ಒಂದು. ಪಾರಿವಾಳದ ನೆತ್ತರು ಹಚ್ಚಿ ತಿಕ್ಕುವವರ ಹತ್ತಿರ ಹೋಗುವುದು ಇನ್ನೊಂದು. ಸವದತ್ತಿ, ರಾಮದುರ್ಗದ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ತರುತ್ತಿದ್ದವರನ್ನು ನೋಡಿ ನನಗೆ ಮೊದಮೊದಲು ಅಳು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು. ಸಿಟ್ಟಿದ್ದರೆ ಕೆಲಸ ಚುರುಕಾಗುತ್ತದೆ, ಕಿವಿ ಮಾತ್ರ ಮಂದವಾಗುತ್ತದೆ. ಇದು ನನಗೆ ಗೊತ್ತಾದದ್ದು ಶಟ್ಟೆವ್ವನಿಂದ. ಗೊತ್ತಾಗುವಷ್ಟರಲ್ಲಿ ಆಕೆ ಇರಲಿಲ್ಲ.

ಶಟ್ಟೆವ್ವ ಕಟಕೋಳದ ಮಗಳು, ಬೈಲಹೊಂಗಲದ ಸೊಸೆ. ಲಿಂಗವಂತರ ಮನೆ. ಹುಟ್ಟಿದ ಕೂಸಿನ ಹಣೆಬರಹ ಬರೆದು ಹೋಗುತ್ತಾಳೆ ಎನ್ನುವ ದೇವತೆಯ ಹೆಸರನ್ನೇ ಆಕೆಗೆ ಇಟ್ಟಿದ್ದರು. ಬದುಕೂ ಕೂಸುಗಳ ಸುತ್ತಲೇ ಹೋಯಿತು. ಗಂಡ ಪರಪ್ಪ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಹೊರುತ್ತಿದ್ದ. ಹತ್ತಿಯ ಧೂಳು ಕುಡಿದು ಕುಡಿದು ಎದೆ ಕಟ್ಟಿ, ಮಗ ನಿಜಗುಣಪ್ಪನಿಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡ. ಮೈದುನಂದಿರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವ ಜಾತಿಯ ಹೆಂಗಸಲ್ಲ ಈಕೆ. ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ನೀರು ಎರೆಯುವ ಕೆಲಸ ಹಿಡಿದಳು.

ಬೆಳಿಗ್ಗೆ ಪೂಜೆ ಮುಗಿಸಿ, ಒಂದು ರೊಟ್ಟಿ ತಿಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಮೂರು ಮನೆ ಮುಗಿಸಿಯೇ ಬರುವುದು. ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿದಳೆಂದರೆ ಕೂಸಿನ ಅಳು ಓಣಿಗೆಲ್ಲ ಕೇಳುತ್ತಿತ್ತು. ಎರೆದಾದ ಮೇಲೆ ಅದೇ ಕೂಸು ಮೂರು ತಾಸು ಮಿಸುಕದೆ ಮಲಗುತ್ತಿತ್ತು. ತಲೆ ದುಂಡಗೆ ಮಾಡುವುದು, ಮೂಗು ತೀಡುವುದು ಆಕೆಯದೇ ಕೈ. ಪೇಟೆಯಲ್ಲಿ ನೆಟ್ಟನೆಯ ಮೂಗಿನವರು ಎದುರಾದರೆ ಜನ ಶಟ್ಟೆವ್ವ ತೀಡಿದ ಮೂಗು ಎನ್ನುತ್ತಿದ್ದರು. ಸೊಟ್ಟ ಮೂಗಿನವರು ಎದುರಾದರೆ, ಇವರ ಅವ್ವ ನನ್ನನ್ನು ಕರೆಯಲಿಲ್ಲ ಎಂದು ಆಕೆಯೇ ಹೇಳುತ್ತಿದ್ದಳು. ಕಿತ್ತೂರಿನವರೂ ಬಂದು ಕರೆದೊಯ್ದು ಹದಿನೈದು ದಿನ ಇರಿಸಿಕೊಳ್ಳುತ್ತಿದ್ದರು. ಬಾಣಂತಿಗೆ ತಣ್ಣೀರು ಮುಟ್ಟಿಸಿದ ಅತ್ತೆಯರು ಆಕೆಯ ಬಾಯಿಗೆ ಸಿಕ್ಕರೆ ಅವರ ಏಳು ತಲೆಮಾರು ನೀರು ಕುಡಿಯಬೇಕಿತ್ತು.

೧೯೯೯ರ ಜನವರಿಯಲ್ಲಿ, ಐವತ್ತೆಂಟನೆಯ ವಯಸ್ಸಿಗೆ, ಒಂದು ಕೂಸಿಗೆ ಎರೆಯುತ್ತಿರುವಾಗಲೇ ಆಕೆಗೆ ಲಕ್ವಾ ಹೊಡೆಯಿತು. ಎಡಗೈ ಸಡಿಲಾಯಿತು, ಎಡಗಾಲು ಕಲ್ಲಾಯಿತು. ಎಣ್ಣೆ ಹಚ್ಚಿದ ಕೂಸು ಕಾಲಿನಿಂದ ಜಾರತೊಡಗಿತು. ಬಲಗೈಯಲ್ಲಿ ಅದರ ರೆಟ್ಟೆಯನ್ನು ಗಟ್ಟಿ ಹಿಡಿದು, ಹಿಡೀರಿ, ಕೂಸು ಹಿಡೀರಿ ಎಂದು ಕೂಗಿ, ಆ ಮನೆಯ ಅಜ್ಜಿ ಬಂದು ಕೂಸನ್ನು ಎತ್ತಿಕೊಂಡ ಮೇಲೆಯೇ ಪಕ್ಕಕ್ಕೆ ಬಿದ್ದಳಂತೆ. ಬೆಳಗಾವಿಯ ಒಂದು ದವಾಖಾನೆಯಲ್ಲಿ ಹನ್ನೆರಡು ದಿನ ಇಟ್ಟು ಮನೆಗೆ ಕಳಿಸಿದರು. ಬಿಪಿಗೆ ಗುಳಿಗೆ ಬರೆದು, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ತಪ್ಪಿಸಬಾರದು ಎಂದು ಹೇಳಿದ್ದರು. ವ್ಯಾಯಾಮ ಮಾಡಿಸುವವರನ್ನು ಊರಲ್ಲೇ ಹುಡುಕಿಕೊಳ್ಳಿ ಎಂದದ್ದಕ್ಕೆ ಮಗ ನಿಜಗುಣಪ್ಪ ನನ್ನ ಹತ್ತಿರ ಬಂದ. ಅವನು ಬೈಲಹೊಂಗಲ ಕಿತ್ತೂರು ನಡುವೆ ಟೆಂಪೋ ಓಡಿಸುತ್ತಿದ್ದ. ಮೆತ್ತಗಿನ ಮನುಷ್ಯ, ಅವ್ವ ಎಂದರೆ ಪ್ರಾಣ.

ನಾನು ಹೋದಾಗ ಪಡಸಾಲೆಯ ತುಂಬ ಜನ. ಸತ್ತವರ ಮನೆಗೆ ಮಾತನಾಡಿಸಲು ಬಂದವರ ಹಾಗೆ ಗೋಡೆಗೆ ಒರಗಿ ಕುಳಿತಿದ್ದರು. ಇಂಥದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬದುಕಿದ್ದವಳ ಮುಂದೆ ಇದೇನು ನಾಟಕ ಎಂದುಕೊಂಡು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

"ಎಡಗಡೆ ಆಗ್ಯದ್ರಿ, ದೇವರು ದೊಡ್ಡಾವ. ಎಡಗೈ ತಾನ? ಹೋದ್ರ ಹೋತು. ಉಣ್ಣೋ ಕೈ ಉಳದದ. ಕಾಲು ನಾ ನಡಸ್ತೀನಿ, ನೋಡ್ಕೋತ ಇರ್ರಿ."

ಎಲ್ಲರೂ ನಿಟ್ಟುಸಿರು ಬಿಟ್ಟರು. ಹೌದಲ್ಲ, ಬಲಗೈ ಹೋಗಿದ್ದರೆ ಏನು ಗತಿ ಎಂದು ಯಾರೋ ದನಿಗೂಡಿಸಿದರು. ಶಟ್ಟೆವ್ವ ಒಂದು ಸಲ ನನ್ನ ಮುಖ ನೋಡಿ ಗೋಡೆಯ ಕಡೆ ತಿರುಗಿದಳು. ಲಕ್ವಾ ಹೊಡೆದವರು ಮನಸ್ಸಿನಿಂದಲೂ ಕುಗ್ಗಿರುತ್ತಾರೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದೇ ಇದು ಅಂದುಕೊಂಡೆ.

ನಾನು ರಾಮದುರ್ಗದ ಪುರೋಹಿತರ ಮನೆಯವನು. ನಮ್ಮಲ್ಲಿ ಎಡಗೈ ಎಂದರೆ ಶೌಚದ ಕೈ. ಚಿಕ್ಕವನಿದ್ದಾಗ ಎಡಗೈ ಚಾಚಿ ಪ್ರಸಾದ ಕೇಳಿದರೆ ಅಜ್ಜಿ ಬೆನ್ನಿಗೆ ಗುದ್ದುತ್ತಿದ್ದಳು. ಆ ಕೈ ಹೋದರೆ ಅರ್ಧ ಹಾನಿ ಎನ್ನುವುದು ನನ್ನ ಎಲುಬಿಗೇ ಇಳಿದಿತ್ತು. ಆ ಪಡಸಾಲೆಯಲ್ಲಿ ಕುಳಿತವರೆಲ್ಲರ ಕೊರಳಲ್ಲಿ ಲಿಂಗವಿತ್ತು. ಬೆಳಗಾದರೆ ಅದನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು ಪೂಜಿಸಬೇಕು, ಶಟ್ಟೆವ್ವನಂಥವರು ಪೂಜೆಯಾಗದೆ ಬಾಯಿಗೆ ನೀರು ಕೂಡ ಹಾಕುವವರಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಗೊತ್ತಿರುವುದು ಬೇರೆ, ಬೇಕಾದ ಹೊತ್ತಿಗೆ ನೆನಪಾಗುವುದು ಬೇರೆ. ಅಲ್ಲಿದ್ದ ಒಬ್ಬರೂ ನನ್ನ ಮಾತಿಗೆ ಅಡ್ಡ ಬರಲಿಲ್ಲ. ಡಾಕ್ಟರ್ ಹೇಳಿದ ಮೇಲೆ ಮುಗಿಯಿತು.

ಕಾಲಿನ ಕೆಲಸ ನಾನು ಚೆನ್ನಾಗಿ ಮಾಡಿದೆ. ಅದರಲ್ಲಿ ಸುಳ್ಳಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಹೋಗುತ್ತಿದ್ದೆ. ಹಿತ್ತಲಲ್ಲಿ ಎರಡು ಬಿದಿರು ಗಳ ಅಡ್ಡ ಕಟ್ಟಿಸಿ, ನಡುವೆ ನಿಲ್ಲಿಸಿ, ಮೊಣಕಾಲಿಗೆ ಪಟ್ಟಿ ಬಿಗಿದು ಒಂದೊಂದೇ ಹೆಜ್ಜೆ ಹಾಕಿಸಿದೆ. ಬಿದ್ದಳು, ಎದ್ದಳು, ನನ್ನನ್ನು ಬೈದಳು. ನಾಲಿಗೆ ಸರಿಹೋದಂತೆ ಬೈಗುಳವೂ ಚೊಕ್ಕವಾಯಿತು. ಜೂನ್ ತಿಂಗಳಲ್ಲಿ ಒಂದು ದಿನ ಕೋಲು ಊರಿಕೊಂಡು, ಮನೆಯಿಂದ ನನ್ನ ಕೋಣೆಯವರೆಗೆ ನಡೆದೇ ಬಂದಳು. ನಾನು ಕತ್ತಲಲ್ಲಿ ಕುಳಿತು ಬೀಸಣಿಕೆ ಬೀಸಿಕೊಳ್ಳುತ್ತಿದ್ದೆ. ಕರೆಂಟ್ ಇಲ್ಲದ ಕರೆಂಟ್ ಡಾಕ್ಟರ್, ಎಣ್ಣೆ ಇಲ್ಲದ ಗಾಣ ಎಂದು ನಕ್ಕಳು. ಆ ನಗೆಯಲ್ಲಿ ಅರ್ಧ ಮುಖ ಮಾತ್ರ ಮೇಲೆದ್ದಿತು. ನಾನು ಆಕೆಯ ಫೋಟೋ ತೆಗೆಸಿ ಗೋಡೆಗೆ ಹಾಕಿದೆ. ಬಂದವರಿಗೆಲ್ಲ ತೋರಿಸಿ, ಆರು ತಿಂಗಳ ಹಿಂದೆ ಈಕೆ ಹಾಸಿಗೆಯಲ್ಲಿದ್ದಳು ಎನ್ನುತ್ತಿದ್ದೆ. ಆ ಫೋಟೋದಲ್ಲಿ ಎಡಗೈ ಎದೆಗೆ ಮಡಚಿಕೊಂಡು ಮುಷ್ಟಿ ಕಟ್ಟಿ ನಿಂತಿದೆ. ನನ್ನ ಕಣ್ಣು ಕಾಲಿನ ಮೇಲಿತ್ತು.

ಆ ಮುಷ್ಟಿಯಲ್ಲಿ ಒಂದು ರಬ್ಬರ್ ಚೆಂಡು ಇರುತ್ತಿತ್ತು. ಚೆಂಡು ಹಿಚುಕಿದರೆ ಕೈ ಬರುತ್ತದೆ ಎಂದು ಊರಿಗೆ ಊರೇ ಹೇಳುತ್ತದೆ, ನಿಜಗುಣಪ್ಪ ತಂದುಕೊಟ್ಟಿದ್ದ. ಶಟ್ಟೆವ್ವ ಯಾವ ಕೆಲಸವನ್ನೂ ಅರೆಬರೆ ಮಾಡಿದವಳಲ್ಲ. ಬಲಗೈಯಿಂದ ಎಡ ಮುಷ್ಟಿಯನ್ನು ಅದುಮಿ ಅದುಮಿ ದಿನವಿಡೀ ಹಿಚುಕುತ್ತಿದ್ದಳು. ಇಂಥ ಕೈಗೆ ಮುಚ್ಚುವುದನ್ನು ಕಲಿಸಬೇಕಾಗಿಲ್ಲ, ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ತೆರೆಯುವುದೇ ಕಷ್ಟ. ಹಿಚುಕಿದಷ್ಟೂ ಬಿಗಿಯಾಗುತ್ತದೆ. ನನಗೆ ಅದು ತಿಳಿದಿತ್ತು. ಆದರೆ ನಾನು ಆ ಕೈಯನ್ನು ಲೆಕ್ಕದಿಂದಲೇ ತೆಗೆದುಹಾಕಿದ್ದೆನಲ್ಲ, ಇರಲಿ ಬಿಡ್ರಿ, ಹೊತ್ತು ಹೋಗುತ್ತದೆ ಎಂದುಬಿಟ್ಟೆ.

ಕಾಲು ಬಂದಷ್ಟೇ ವೇಗದಲ್ಲಿ ಮೈ ಇಳಿಯತೊಡಗಿತು. ಕುಪ್ಪಸದ ತೋಳು ಜೋಲಾಡುತ್ತಿತ್ತು. ಕಣ್ಣು ಗುಂಡಿಗೆ ಹೋದವು. ಜುಲೈ ತಿಂಗಳಲ್ಲಿ ಒಂದು ಸಂಜೆ ನನಗೆ ತಡೆಯಲಾಗದೆ, ಓಣಿಯ ಹೆಂಗಸರ ಎದುರಿಗೇ ಸೊಸೆ ಅನ್ನಪೂರ್ಣಾಳನ್ನು ಹಿಡಿದು ಬೈದೆ. ದುಡಿಯುವ ಕೈ ನಿಂತ ಮೇಲೆ ಅತ್ತೆಗೆ ಒಂದು ತುತ್ತು ಹಾಕುವುದೂ ಭಾರವಾಯಿತೇ ಎಂದೆ. ಅನ್ನಪೂರ್ಣಾ ತಲೆ ತಗ್ಗಿಸಿ ನಿಂತಿದ್ದಳು. ಶಟ್ಟೆವ್ವ ಆಕೆಯ ಕಡೆ ಒಮ್ಮೆ ಕಣ್ಣು ಕೆಕ್ಕರಿಸಿದಳು, ಅಷ್ಟೇ. ನಾನು ಗೆದ್ದವನ ಹಾಗೆ ಸ್ಕೂಟರ್ ಹತ್ತಿ ಬಂದೆ.

ಆಗಸ್ಟಿನಲ್ಲಿ ಒಂದು ದಿನ ಬೆಳಗ್ಗೆಯೇ ಕರೆಂಟು ಹೋಯಿತು. ಕೋಣೆಯಲ್ಲಿ ಕುಳಿತು ಏನು ಮಾಡುವುದೆಂದು ಎಂಟೂವರೆಗೇ ಶಟ್ಟೆವ್ವನ ಮನೆಗೆ ಹೋದೆ. ಅನ್ನಪೂರ್ಣಾ ಬಾಗಿಲಲ್ಲೇ ತಡೆದಳು. ಅತ್ತೆ ಪೂಜೆಗೆ ಕುಳಿತಿದ್ದಾರೆ, ಹೊತ್ತಾಗುತ್ತದೆ, ಸಂಜೆಗೇ ಬರ್ರಿ ಎಂದಳು. ಕಾಯುತ್ತೇನೆ ಎಂದು ಪಡಸಾಲೆಯಲ್ಲಿ ಕುಳಿತೆ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಒಳಗಿನಿಂದ ಮಂತ್ರದ ಸದ್ದಿಲ್ಲ, ಗಂಟೆಯ ಸದ್ದಿಲ್ಲ, ಉಬ್ಬಸದಂಥ ಉಸಿರು ಮಾತ್ರ ಕೇಳುತ್ತಿತ್ತು. ನಡುಮನೆಯ ಬಾಗಿಲಿನ ಪರದೆ ಒಂದು ಬದಿಗೆ ಸರಿದಿತ್ತು. ನೋಡಬಾರದಿತ್ತು. ನೋಡಿದೆ.

ಹಣೆಗೆ ವಿಭೂತಿ ಹಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದಳು. ಎದುರಿಗೆ ಸಣ್ಣ ತಾಟಿನಲ್ಲಿ ಕೊರಳ ಕರಡಿಗೆಯಿಂದ ತೆಗೆದ ಲಿಂಗ. ಎಡ ಮುಷ್ಟಿಯನ್ನು ಬಲ ಮೊಣಕಾಲಿನ ಕೆಳಗೆ ಒತ್ತಿ ಹಿಡಿದು, ಬಲಗೈಯಿಂದ ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಕಿರುಬೆರಳಿಗೆ ಬರುವಷ್ಟರಲ್ಲಿ ಹೆಬ್ಬೆರಳು ಮತ್ತೆ ಒಳಗೆ ಸೇರುತ್ತಿತ್ತು. ಮತ್ತೆ ಮೊದಲಿನಿಂದ. ಒಂದು ಸಲ ಹೇಗೋ ಸಂದಿ ಮಾಡಿ ಲಿಂಗವನ್ನು ಒಳಗೆ ತೂರಿಸಿದಳು. ಮುಷ್ಟಿ ಅದನ್ನು ಹಿಡಿಯಲಿಲ್ಲ, ಇನ್ನೊಂದು ಬದಿಯಿಂದ ಮಡಿಲಿಗೆ ಬಿತ್ತು. ಎತ್ತಿ ಕಣ್ಣಿಗೊತ್ತಿಕೊಂಡು, ತಪ್ಪಾಯಿತು ನನ್ನಪ್ಪಾ ಎಂದು ಪಿಸುಗುಟ್ಟಿ, ಮುಷ್ಟಿಯನ್ನು ಮತ್ತೆ ಮೊಣಕಾಲ ಕೆಳಗೆ ಇಟ್ಟಳು. ಬೆನ್ನೆಲ್ಲ ಬೆವರಿನಿಂದ ತೊಯ್ದಿತ್ತು.

ದಿನಾ ಹೀಗೆಯೇ ಎಂದು ಅನ್ನಪೂರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. ಹಾಸಿಗೆ ಬಿಟ್ಟು ಎದ್ದ ದಿನದಿಂದ. ಕೆಲವು ದಿನ ಹನ್ನೊಂದಕ್ಕೆ ಹೇಗೋ ಆಗುತ್ತದೆ, ಕೆಲವು ದಿನ ಆಗುವುದೇ ಇಲ್ಲ. ಆಗದ ದಿನ ಹೊತ್ತು ಮುಳುಗಿದ ಮೇಲೆ ಮಗ ಕಾಲು ಹಿಡಿದಾಗ ಎರಡು ತುತ್ತು ಉಣ್ಣುತ್ತಾಳೆ. ಗುಳಿಗೆ ತಿಂಡಿಯಾದ ಮೇಲೆ ಎಂದಿದ್ದಾರೆ, ತಿಂಡಿಯೇ ಇಲ್ಲದ ಮೇಲೆ ಗುಳಿಗೆ ಎಲ್ಲಿಯದು. ಮಠದ ಅಯ್ಯನವರು ಬಂದು, ಬಲಗೈ ಮೇಲೆ ಇಟ್ಟುಕೋ, ಇಲ್ಲವೆ ತಾಟಿನಲ್ಲಿಯೇ ಪೂಜೆ ಮಾಡು, ದೋಷವಿಲ್ಲ ಎಂದು ಹೇಳಿ ಹೋದರೂ ಒಪ್ಪಿಲ್ಲ. ಇದನ್ನೆಲ್ಲ ನನಗೆ ಹೇಳಕೂಡದೆಂದು ಅತ್ತೆಯ ಕಟ್ಟಪ್ಪಣೆಯಾಗಿತ್ತಂತೆ. ನಾನು ಓಣಿಯವರ ಎದುರು ತನ್ನನ್ನು ಬೈದದ್ದನ್ನು ಅನ್ನಪೂರ್ಣಾ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಶಟ್ಟೆವ್ವ ಹೊರಗೆ ಬಂದು ನನ್ನನ್ನು ಕಂಡಾಗ ಹತ್ತೂ ಮುಕ್ಕಾಲು. ಅವತ್ತು ಪೂಜೆ ಆಗಿರಲಿಲ್ಲ. ನಾನು ನೋಡಿದ್ದೇನೆ ಎಂದು ನನ್ನ ಮುಖದಿಂದಲೇ ಆಕೆಗೆ ತಿಳಿಯಿತು. ಸಿಟ್ಟು ಮಾಡುತ್ತಾಳೆ ಎಂದುಕೊಂಡಿದ್ದೆ. ಕಂಬಕ್ಕೆ ಆತುಕೊಂಡು ಕುಳಿತು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದಳು.

"ಡಾಕ್ಟರ್, ಎಡಗೈ ತಾನ, ಹೋದ್ರ ಹೋತು ಅಂದ್ರಿ ನೀವು. ಎರಡೂ ಕಾಲ ಹೋಗಿ ಇದೊಂದ ಕೈ ಉಳದಿದ್ರ ಕುಂತಲ್ಲೇ ಕುಂತು ಬಾಳ್ವೆ ಮಾಡತಿದ್ನಿರಿ ನಾ."

ಅಯ್ಯನವರೇ ಬಲಗೈ ಆಗಬಹುದು ಎಂದಿದ್ದಾರಲ್ಲ ಎಂದೆ, ಹೇಳಬಾರದ್ದನ್ನು.

"ಅವ್ರು ಅಂದದ್ದು ಖರೇನ. ಆದ್ರ ಇದು ಅವ್ರ ಕೈ ಅಲ್ಲಲ್ರಿ" ಎಂದಳು.

ಈಗ ಹತ್ತು ವರ್ಷದ ಮೇಲೆ ದೊಡ್ಡ ದವಾಖಾನೆಗಳಲ್ಲಿ ಪುನರ್ವಸತಿ ವಿಭಾಗ ಎಂದು ಬೋರ್ಡು ಬಂದಿದೆ. ಬಿಗಿದ ಸ್ನಾಯುವಿಗೆ ಕೊಡುವ ಇಂಜೆಕ್ಷನ್ ಬಂದಿದೆ. ರೋಗಿಯ ಬಗ್ಗೆ ತುಂಬುವ ಫಾರ್ಮಿನಲ್ಲಿ ಮೊದಲ ಪ್ರಶ್ನೆಯೇ, ನಿಮಗೆ ಯಾವ ಕೆಲಸ ಮತ್ತೆ ಮಾಡುವಂತಾಗಬೇಕು ಎಂದು. ಅದನ್ನು ಓದಿದಾಗಲೆಲ್ಲ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಅಷ್ಟು ಕೇಳಲು ಒಂದು ಫಾರ್ಮು ಬೇಕಾಯಿತೇ ನಮಗೆ?

ಆ ದಿನದಿಂದ ಕೈಯ ಕೆಲಸ ಹಿಡಿದೆ. ಏಳು ತಿಂಗಳು ಕಳೆದುಹೋಗಿತ್ತು. ಚೆಂಡನ್ನು ಕಸಿದುಕೊಂಡೆ. ಡಾಕ್ಟರಿಗೆ ಹೇಳಿ ಗುಳಿಗೆಯ ಹೊತ್ತನ್ನು ಸಂಜೆಗೆ ಬದಲಾಯಿಸಿದೆ. ಊರು ಬಿಟ್ಟು ಒಂದು ವಾರ ತರಬೇತಿಗೆ ಹೋಗಿ, ನೀರಿನ ಪ್ಲಾಸ್ಟಿಕ್ ಪೈಪನ್ನು ಸೀಳಿ, ಕಾಯಿಸಿ, ಕೈಯ ಆಕಾರಕ್ಕೆ ಬಾಗಿಸಿ ಪಟ್ಟಿ ಮಾಡುವುದನ್ನು ಕಲಿತು ಬಂದೆ. ಅದನ್ನು ಅಂಗೈಗೆ ಕಟ್ಟಿದರೆ ಬೆರಳುಗಳು ಸ್ವಲ್ಪ ಸ್ವಲ್ಪವಾಗಿ ತೆರೆದು ನಿಲ್ಲುತ್ತವೆ. ಹಗಲು ಎರಡೆರಡು ತಾಸು ಕಟ್ಟಿದೆ. ಬೆರಳು ಹಿಡಿದು ಎಳೆಯುತ್ತಿದ್ದ ನನಗೆ ಶಟ್ಟೆವ್ವ ಬೈದು ಬುದ್ಧಿ ಹೇಳಿದಳು. ಕೂಸಿನ ಮುಷ್ಟಿಯನ್ನು ಬೆರಳು ಹಿಡಿದು ಬಿಡಿಸುತ್ತಾರೆಯೇ ಯಾರಾದರೂ, ಕೈಯ ಬೆನ್ನು ಸವರಬೇಕು, ಅದು ತಾನೇ ಹೂವಿನಂತೆ ಬಿಡುತ್ತದೆ ಎಂದಳು. ನನ್ನ ಕಾಲೇಜಿನಲ್ಲಿ ಇದನ್ನೇ ನಾಲ್ಕು ಪುಟ ಬರೆಸಿದ್ದರು. ಸವರಿದೆ. ಬೆರಳು ಸಡಿಲಾದವು.

ದೀಪಾವಳಿಯ ಹೊತ್ತಿಗೆ ಮೂರು ಬೆರಳು ಅರ್ಧದಷ್ಟು ತೆರೆಯುತ್ತಿದ್ದವು. ಪಾಡ್ಯದ ದಿನ ಬೆಳಿಗ್ಗೆ ಅನ್ನಪೂರ್ಣಾ ನನ್ನ ಕೋಣೆಗೇ ಓಡಿ ಬಂದಳು. ಲಿಂಗ ಎಡ ಅಂಗೈಯಲ್ಲಿ ಕೂತಿತ್ತಂತೆ, ಹತ್ತು ಉಸಿರು ಎಣಿಸುವಷ್ಟು ಹೊತ್ತು. ಅತ್ತೆ ಅತ್ತರಂತೆ, ಎರಡು ಹೋಳಿಗೆ ತಿಂದರಂತೆ. ಒಂದೂವರೆ ತಿಂಗಳು ಹೀಗೆ ನಡೆಯಿತು. ವಾರದಲ್ಲಿ ನಾಲ್ಕು ದಿನ ಪೂಜೆ ಆಗುತ್ತಿತ್ತು. ಕೆನ್ನೆಗೆ ಸ್ವಲ್ಪ ಮಾಂಸ ಬಂತು. ನನ್ನ ಮದುವೆಯ ಸುದ್ದಿ ತೆಗೆದು, ಹೆಣ್ಣು ಬೇಗ ನೋಡಿರಿ, ಕೂಸಿಗೆ ನಾನೇ ಎರೆಯುತ್ತೇನೆ ಎಂದು ಚೇಷ್ಟೆ ಮಾಡುತ್ತಿದ್ದಳು.

ಜನವರಿಯ ಚಳಿಗೆ ಕೈ ಮತ್ತೆ ಬಿಗಿಯಿತು. ಮೊದಲಿಗಿಂತ ಕೆಟ್ಟದಾಗಿ ಬಿಗಿಯಿತು. ಪೈಪಿನ ಪಟ್ಟಿಯ ಅಂಚು ತಾಗಿ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿತ್ತು. ನೋವಿದ್ದರೆ ಇಂಥ ಕೈ ಇನ್ನಷ್ಟು ಬಿಗಿಯುತ್ತದೆ. ಹುಣ್ಣಿಗೆ ಮುಲಾಮು ಹಚ್ಚಿದೆನೇ ಹೊರತು ಅದಕ್ಕೂ ಇದಕ್ಕೂ ಗಂಟು ಹಾಕಿ ನೋಡಲಿಲ್ಲ. ಮೂರು ವಾರ ದಿನಾ ಎಳೆದೆ. ಕಟ್ಟಿಗೆ ಎಳೆದಂತಾಗುತ್ತಿತ್ತು. ಲಕ್ವಾ ಹೊಡೆದು ವರ್ಷವಾದ ಮೇಲೆ ಕೈ ಬರುವುದಿಲ್ಲ ಎಂದು ಪುಸ್ತಕ ಹೇಳುತ್ತಿತ್ತು. ಒಂದು ದಿನ ನಿಜಗುಣಪ್ಪ, ಅನ್ನಪೂರ್ಣಾ ಇಬ್ಬರನ್ನೂ ಕೂರಿಸಿಕೊಂಡು, ಸುಳ್ಳು ಆಸೆ ತೋರಿಸಬಾರದು ಎಂಬ ದೊಡ್ಡಸ್ತಿಕೆಯಿಂದ ಶಟ್ಟೆವ್ವನಿಗೆ ಹೇಳಿದೆ.

"ನರ ಗಿಡ್ಡ ಆಗ್ಯಾವ, ಅವ್ವಾ. ಕೈ ಗಟ್ಟಿ ಆಗಿಬಿಟ್ಟದ. ಇನ್ನ ಜಗ್ಗಿದ್ರ ಮುರೀತದ, ಬಿಚ್ಚೂದಿಲ್ಲ. ಸುಮ್ನ ನೋವು ಯಾಕ?"

"ಹಂಗಾದ್ರ ಆತು ಬಿಡ್ರಿ" ಎಂದಳು. ಅಷ್ಟೇ. ಎಡಗೈಯನ್ನು ಬಲಗೈಯಿಂದ ಎತ್ತಿ ಸೆರಗಿನ ಒಳಗೆ ಇಟ್ಟುಕೊಂಡಳು. ಮಲಗಿದ ಕೂಸಿಗೆ ಹೊದಿಸಿದ ಹಾಗೆ ಮೇಲೆ ಸೆರಗು ಎಳೆದಳು.

ಆಮೇಲೆ ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಕಾಲಿಗಾಗಿ. ಆಕೆ ನಡೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಬೈಯುತ್ತಿರಲಿಲ್ಲ. ಬೈಗುಳ ನಿಂತದ್ದಕ್ಕೆ ನನಗೆ ಕಸಿವಿಸಿಯಾಗುತ್ತಿತ್ತು, ಆದರೆ ಕೇಳುವ ಧೈರ್ಯವಿರಲಿಲ್ಲ. ಬೆಳಗಿನ ಪೂಜೆಗೆ ಕೂರುವುದನ್ನು ಬಿಡಲಿಲ್ಲವಂತೆ. ತಾಟಿನಲ್ಲಿದ್ದ ಲಿಂಗದ ಮುಂದೆ ಮುಷ್ಟಿ ಚಾಚಿಕೊಂಡು ಸುಮ್ಮನೆ ಕೂತಿರುತ್ತಿದ್ದಳಂತೆ. ಊಟ ಒಂದು ಹೊತ್ತಿಗೆ ಬಂತು. ಸಂಜೆಯ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ ಉಗುಳುತ್ತಿದ್ದಳು ಎಂಬುದು ನಮಗೆ ಯಾರಿಗೂ ಆಗ ತಿಳಿಯಲಿಲ್ಲ. ಮಾರ್ಚ್ ಕೊನೆಗೆ ಎರಡನೆಯ ಲಕ್ವಾ ಬಂತು. ಎಂಟು ದಿನ ಪ್ರಜ್ಞೆಯಿಲ್ಲದೆ ಮಲಗಿ, ಒಂಬತ್ತನೆಯ ದಿನ ಬೆಳಕು ಹರಿಯುವಾಗ ಹೋದಳು. ದವಾಖಾನೆ ಬೇಡ ಎಂದು ಮೊದಲೇ ಮಗನಿಂದ ಮಾತು ತೆಗೆದುಕೊಂಡಿದ್ದಳು.

ಏಳು ಗಂಟೆಗೆ ನಿಜಗುಣಪ್ಪನೇ ಟೆಂಪೋ ತಂದು ನನ್ನ ಮನೆಯ ಮುಂದೆ ನಿಲ್ಲಿಸಿದ. ಕಣ್ಣು ಊದಿದ್ದವು. ಅವ್ವನನ್ನು ಕೂರಿಸಬೇಕು ಎಂದ. ಅವರಲ್ಲಿ ಮಲಗಿಸಿ ಮಣ್ಣು ಮಾಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು ಕಳಿಸುತ್ತಾರೆ.

"ಕೈ ಗಟ್ಟಿ ಆಗೇತಿ, ಜಗ್ಗಿದ್ರ ಮುರೀತೈತಿ ಅಂತ ನೀವು ಅಂದಿದ್ರಲ್ರಿ. ಅದಕ್ಕ ಯಾರೂ ಮುಟ್ಟಿಲ್ರಿ. ನೀವ ಬಂದು ಏನರೆ ಮಾಡ್ರಿ" ಎಂದ.

ದಾರಿಯುದ್ದಕ್ಕೂ ಹೇಗೆ ಮಾಡುವುದೆಂದು ಯೋಚಿಸುತ್ತಿದ್ದೆ. ಬಿಸಿನೀರಿನಲ್ಲಿ ಅರ್ಧ ತಾಸು ಇಡಬೇಕು, ಎಣ್ಣೆ ಹಚ್ಚಬೇಕು, ಮುರಿದರೂ ಸದ್ದಾಗದ ಹಾಗೆ ನೋಡಿಕೊಳ್ಳಬೇಕು. ಒಳಗೆ ಹೋದೆ. ಅಯ್ಯನವರು, ಓಣಿಯ ಹಿರಿಯರು ದಾರಿ ಬಿಟ್ಟರು. ಅನ್ನಪೂರ್ಣಾ ಬೋಗುಣಿಯಲ್ಲಿ ಬಿಸಿನೀರು ತಂದಿಟ್ಟಳು. ನಾನು ನೆಲಕ್ಕೆ ಕುಳಿತು ಶಟ್ಟೆವ್ವನ ಎಡಗೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನ ಕೆಳಗೆ ನನ್ನ ಬೆರಳು ಹಾಕಿದೆ.

ಕೈ ಬಿಚ್ಚಿತು. ಎಳೆಯಬೇಕಾಗಲಿಲ್ಲ. ಹೆಬ್ಬೆರಳು, ತೋರುಬೆರಳು, ಕಿರುಬೆರಳು, ಐದೂ ಬೆರಳು ತಾವಾಗಿಯೇ ಚಾಚಿಕೊಂಡು ಅಂಗೈ ಚಪ್ಪಟೆಯಾಗಿ ಮೇಲೆ ನೋಡಿತು. ಬಿಸಿನೀರು ಹಾಗೇ ಉಳಿಯಿತು. ಅಂಗೈ ನಡುವೆ ಉಗುರು ಒತ್ತಿದ ನಾಲ್ಕು ಗಾಯಗಳಿದ್ದವು.

ಗಿಡ್ಡಾದ ಸ್ನಾಯು ಸಾವಿನಲ್ಲಿ ಉದ್ದವಾಗುವುದಿಲ್ಲ. ಶಟ್ಟೆವ್ವನ ಕೈ ಗಟ್ಟಿಯಾಗಿರಲೇ ಇಲ್ಲ. ಚಳಿಗೆ, ನೋವಿಗೆ ಬಿಗಿದುಕೊಂಡಿತ್ತು, ಅಷ್ಟೇ. ಬಿಗಿತಕ್ಕೆ ಆಗಲೂ ಗುಳಿಗೆಯಿತ್ತು, ಹುಣ್ಣು ಮಾಯಿಸಿ ಕಾಯಬಹುದಿತ್ತು, ಪಟ್ಟಿಯನ್ನು ರಾತ್ರಿ ಕಟ್ಟಬಹುದಿತ್ತು. ಆಗುವುದಿಲ್ಲ ಎಂದವನು ನಾನು, ಆಕೆ ನನ್ನ ಮಾತು ನಂಬಿ ಬದುಕು ಬಿಟ್ಟಳು. ಇಷ್ಟು ತಿಳಿಯಲು ನನಗೆ ಆ ಕೈ ಹಿಡಿದ ಒಂದು ಕ್ಷಣ ಸಾಕಾಯಿತು.

ಸುತ್ತಲಿದ್ದವರು ನಿಟ್ಟುಸಿರು ಬಿಟ್ಟರು. ಅಯ್ಯನವರು ಮುಂದೆ ಬಂದು ಲಿಂಗವನ್ನು ಆ ಅಂಗೈಯ ಮೇಲೆ ಇಟ್ಟರು. ಅದು ನಿಂತಿತು. ಡಾಕ್ಟರ್ ಕೈಗುಣ ದೊಡ್ಡದು ಎಂದರು ಅವರು. ನಿಜಗುಣಪ್ಪ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡು, ಕಡೆಗಾದರೂ ಬಿಚ್ಚಿದಿರಲ್ಲ, ನಿಮ್ಮ ಋಣ ತೀರಿಸಲಾಗದು ಎಂದು ಬಿಕ್ಕಿದ. ನಾನು ಕೈ ಬಿಡಿಸಿಕೊಂಡು ಎದ್ದೆ.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅನ್ನಪೂರ್ಣಾ ಬಳಸದ ಬಿಸಿನೀರನ್ನು ಚೆಲ್ಲಲು ಬಂದಳು. ಬೋಗುಣಿ ಹಿಡಿದುಕೊಂಡೇ ನಿಂತು, ಸಮಾಧಾನ ಹೇಳುವವಳ ಹಾಗೆ ಹೇಳಿದಳು.

"ನಿದ್ದಿ ಹತ್ತಿದ ಮ್ಯಾಲ ಅತ್ತಿ ಕೈ ದಿನಾ ಹಿಂಗ ಬಿಚ್ಚತಿತ್ತರಿ. ನಾ ಹೊದಸಾಕ ಹೋದಾಗ ನೋಡತಿದ್ನಿ."

ನಿದ್ದೆಯಲ್ಲಿ ಬಿಚ್ಚುವ ಕೈ ಗಟ್ಟಿಯಾದ ಕೈಯಲ್ಲ, ಜನವರಿಯಲ್ಲಿ ನನಗೆ ಇಷ್ಟು ತಿಳಿದಿದ್ದರೆ ಸಾಕಿತ್ತು. ಇದನ್ನು ನನಗೆ ಒಂದು ಮಾತು ಹೇಳಬಾರದಾಗಿತ್ತೇ ಎಂದು ಕೇಳಿದೆ.

"ನೀವು ಡಾಕ್ಟರ್ ಅಲ್ಲೇನ್ರಿ" ಎಂದಳು ಅನ್ನಪೂರ್ಣಾ. "ನಿಮಗ ಗೊತ್ತಿರತೈತಿ ಅಂತ ತಿಳಕೊಂಡಿದ್ನಿರಿ."